ಫೆರೆರಾ, ರೊಡ್ರಿಗೆಜ್, ಡಿಯಾಜ್: ಯಾರಿಂದ ಶುರು ಮಾಡುವುದು, ಯಾವುದನ್ನು ಬಿಡುವುದು

2023ರಲ್ಲಿ 'ಬಾರ್ಬಿ' ನೋಡಿದವರಿಗೆ ಅದರಲ್ಲಿನ ಒಂದು ಉದ್ದನೆಯ ಮಾತು ನೆನಪಿರುತ್ತದೆ. ಹೆಂಗಸಾಗಿ ಬಾಳುವುದು ಎಷ್ಟು ಕಷ್ಟ ಅಂತ ಗ್ಲೋರಿಯಾ ಒಂದೇ ಉಸಿರಿಗೆ ಹೇಳಿಬಿಡುವ ಮಾತು. ಆ ಪಾತ್ರಕ್ಕೆ ಅಮೆರಿಕಾ ಫೆರೆರಾ ಅವರಿಗೆ ಆಸ್ಕರ್ ನಾಮನಿರ್ದೇಶನ ಬಂತು. ಈಕೆಯ ಹಳೆಯ ಕೆಲಸ ನೋಡೋಣ ಅಂತ ಹೊರಟವರು ಮೊದಲು ಕೈಹಾಕುವುದು 'ಅಗ್ಲಿ ಬೆಟ್ಟಿ' ಧಾರಾವಾಹಿಗೆ. ನಾಲ್ಕು ಸೀಸನ್, 85 ಕಂತು. ಎರಡನೇ ಸೀಸನ್ ಮುಗಿಯುವ ಮೊದಲೇ ಎಷ್ಟೋ ಜನ ಸುಸ್ತಾಗುತ್ತಾರೆ, ಆಮೇಲೆ ಆ ನಟಿಯ ಕಡೆಗೇ ಮತ್ತೆ ತಿರುಗಿ ನೋಡುವುದಿಲ್ಲ. ಅದು ನಷ್ಟ. ಎಲ್ಲಿಂದ ಶುರು ಮಾಡಬೇಕು ಅನ್ನುವುದು ಇಂಥ ನಟಿಯರ ವಿಷಯದಲ್ಲಿ ನಿಜಕ್ಕೂ ಮುಖ್ಯ.

'ಇಂಥ ನಟಿಯರು' ಅಂದೆ. ಲ್ಯಾಟಿನ್ ಅಮೆರಿಕದ ಮೂಲದ ಕುಟುಂಬದಲ್ಲಿ, ಆದರೆ ಅಮೆರಿಕದಲ್ಲೇ ಹುಟ್ಟಿ ಬೆಳೆದು, ಕಡಿಮೆ ಬಜೆಟ್ಟಿನ ಸ್ವತಂತ್ರ ಸಿನಿಮಾದಲ್ಲಿ ಮುಖ ತೋರಿಸಿ, ಟಿವಿಯಲ್ಲಿ ಹೆಸರು ಮಾಡಿದವರು. ಅವರಲ್ಲಿ ಮೂವರನ್ನು ಇಲ್ಲಿ ಪಕ್ಕಪಕ್ಕ ಇಡುತ್ತೇನೆ. ಫೆರೆರಾ ಅವರ ಹೆತ್ತವರು ಹೊಂಡುರಾಸ್‌ನವರು, ಬೆಳೆದದ್ದು ಲಾಸ್ ಏಂಜಲೀಸ್. ಜೀನಾ ರೊಡ್ರಿಗೆಜ್ ಷಿಕಾಗೋದವರು, ಮೆಲನಿ ಡಿಯಾಜ್ ನ್ಯೂಯಾರ್ಕ್‌ನವರು, ಇಬ್ಬರದ್ದೂ ಪೋರ್ಟೊರಿಕೊ ಮೂಲದ ಮನೆ. ಮೂವರೂ ಹುಟ್ಟಿದ್ದು 1984ರಲ್ಲಿ. ಒಂದೇ ವಯಸ್ಸು, ಒಂದೇ ಮಾರುಕಟ್ಟೆ. ಹಾಗಾಗಿ ಹೋಲಿಸಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ.

ನನ್ನ ಸಲಹೆ ಮೊದಲೇ ಹೇಳಿಬಿಡುತ್ತೇನೆ: ಯಾರನ್ನೇ ಆರಿಸಿಕೊಳ್ಳಿ, ಮೊದಲು ಸಣ್ಣ ಸಿನಿಮಾ ನೋಡಿ, ಆಮೇಲೆ ಸೀರಿಯಲ್‌ಗೆ ಹೋಗಿ. ಜನಪ್ರಿಯವಾದದ್ದು ಸೀರಿಯಲ್ಲೇ, ನಿಜ. ಆದರೆ ಈಕೆಗೆ ಏನೇನು ಬರುತ್ತದೆ ಅನ್ನುವುದು ಗೊತ್ತಾಗುವುದು ಸಿನಿಮಾದಲ್ಲಿ.

ಸಿನಿಮಾ ಯಾಕೆ ಮೊದಲು

ಲೂಪೆ ಒಂಟಿವೆರೋಸ್ ಅಂತ ಒಬ್ಬ ಹಿರಿಯ ನಟಿ ಇದ್ದರು, 2012ರಲ್ಲಿ ತೀರಿಕೊಂಡರು. ಹಾಲಿವುಡ್‌ನಲ್ಲಿ ಮನೆಗೆಲಸದವಳ ಪಾತ್ರವನ್ನು ಸುಮಾರು 150 ಸಲ ಮಾಡಿದ್ದೇನೆ ಎಂದು ಅವರೇ ಲೆಕ್ಕ ಹೇಳುತ್ತಿದ್ದರು. ನೂರೈವತ್ತು! ಸ್ಪ್ಯಾನಿಷ್ ಹೆಸರಿನ ನಟಿಗೆ ದೊಡ್ಡ ಸ್ಟುಡಿಯೋಗಳು ಏನು ಕೊಡುತ್ತಿದ್ದವು ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬೇರೆ ಪಾತ್ರ ಬೇಕಿದ್ದರೆ ಕಡಿಮೆ ದುಡ್ಡಿನ ಸಿನಿಮಾಕ್ಕೇ ಹೋಗಬೇಕಿತ್ತು. ಯೂಟಾ ರಾಜ್ಯದಲ್ಲಿ ಪ್ರತಿ ಜನವರಿಯಲ್ಲಿ ನಡೆಯುತ್ತಿದ್ದ ಸನ್‌ಡಾನ್ಸ್ ಚಿತ್ರೋತ್ಸವಕ್ಕೆ ಅಂಥ ಸಿನಿಮಾ ಹೋಗಿ, ನಾಲ್ಕು ಜನ ನೋಡಿ, ಅಲ್ಲಿಂದ ಟಿವಿಯವರ ಕಣ್ಣಿಗೆ ಬಿದ್ದರೆ ಬಿತ್ತು. ನಮ್ಮ ಮೂವರೂ ಸಾಗಿದ್ದು ಈ ದಾರಿಯಲ್ಲೇ, ಡಿಯಾಜ್ ಮಾತ್ರ ಟಿವಿಗೆ ಬರಲು ತುಂಬಾ ತಡ ಮಾಡಿದರು.

ಫೆರೆರಾ: 'ರಿಯಲ್ ವಿಮೆನ್ ಹ್ಯಾವ್ ಕರ್ವ್ಸ್'

ಒಂದೇ ಸಿನಿಮಾ ನೋಡಲು ಪುರುಸೊತ್ತಿದ್ದರೆ ಇದನ್ನೇ ನೋಡಿ. 2002ರದ್ದು, ನಿರ್ದೇಶಕಿ ಪೆಟ್ರಿಷಿಯಾ ಕಾರ್ಡೋಸೊ, ಮೂಲ ಹೊಸೆಫಿನಾ ಲೋಪೆಜ್ ಅವರ ನಾಟಕ. ಚಿತ್ರೀಕರಣದ ಹೊತ್ತಿಗೆ ಫೆರೆರಾ ಅವರಿಗೆ 17 ವರ್ಷ.

ಲಾಸ್ ಏಂಜಲೀಸ್‌ನ ಪೂರ್ವ ಭಾಗದ ಬಾಯ್ಲ್ ಹೈಟ್ಸ್. ಆನಾ ಹೈಸ್ಕೂಲು ಮುಗಿಸಿದ್ದಾಳೆ, ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗುವಷ್ಟು ಚೂಟಿ. ತಾಯಿಗೆ ಅದೆಲ್ಲ ಬೇಕಿಲ್ಲ: ಮಗಳು ಮೈ ಇಳಿಸಲಿ, ಮದುವೆಯಾಗಲಿ, ಅಲ್ಲಿಯವರೆಗೆ ಅಕ್ಕ ನಡೆಸುವ ಹೊಲಿಗೆ ಘಟಕದಲ್ಲಿ ಇಸ್ತ್ರಿ ಹಾಕಲಿ. ಅಕ್ಕ ಎಸ್ಟೆಲಾಗೆ ಒಂದು ಉಡುಪಿಗೆ ಸಿಗುವುದು 18 ಡಾಲರ್. ಅದೇ ಉಡುಪು ದೊಡ್ಡ ಅಂಗಡಿಯಲ್ಲಿ 600 ಡಾಲರಿಗೆ ಮಾರಾಟವಾಗುತ್ತದೆ. ಪೀಣ್ಯ, ಬೊಮ್ಮನಹಳ್ಳಿ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಬಗ್ಗೆ ಸ್ವಲ್ಪ ಗೊತ್ತಿರುವ ಯಾರಿಗೇ ಆದರೂ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ.

ಜನ ನೆನಪಿಟ್ಟುಕೊಂಡಿರುವ ದೃಶ್ಯ ಒಂದಿದೆ. ಘಟಕದೊಳಗೆ ಉಸಿರುಗಟ್ಟುವ ಸೆಕೆ. ಫ್ಯಾನ್ ಹಾಕುವಂತಿಲ್ಲ, ಹಾಕಿದರೆ ಉಡುಪಿನ ಮೇಲೆ ಧೂಳು ಕೂರುತ್ತದೆ. ಇಸ್ತ್ರಿಯ ಹಬೆ ಬೇರೆ. ಆನಾ ತಡೆಯಲಾರದೆ ಮೇಲಂಗಿ ಕಳಚುತ್ತಾಳೆ. ಉಳಿದವರೂ ನಾಚುತ್ತ ನಗುತ್ತ ಒಬ್ಬೊಬ್ಬರಾಗಿ ಕಳಚುತ್ತಾರೆ, ಹೆರಿಗೆಯ ಗೆರೆ ಯಾರದ್ದು ಜಾಸ್ತಿ, ತೊಡೆ ಯಾರದ್ದು ದಪ್ಪ ಅಂತ ಪರಸ್ಪರ ತೋರಿಸಿಕೊಳ್ಳುತ್ತಾರೆ. ತಾಯಿ ಮಾತ್ರ ಇದನ್ನು ನೋಡಲಾರದೆ ಹೊರಗೆ ನಡೆಯುತ್ತಾಳೆ. ಭಾಷಣ ಆಗಿಬಿಡಬಹುದಾಗಿದ್ದ ದೃಶ್ಯ ಇದು. ಆಗದೇ ಇರುವುದಕ್ಕೆ ಕಾರಣ ಫೆರೆರಾ ಅವರ ಮುಖ: ಅದರಲ್ಲಿ ಗೆದ್ದೆ ಅನ್ನುವ ಹಮ್ಮಿಲ್ಲ, ಸೆಕೆ ಕಡಿಮೆಯಾಯಿತಲ್ಲ ಅನ್ನುವ ನೆಮ್ಮದಿ ಇದೆ.

ಆ ತಾಯಿಯ ಪಾತ್ರ ಮಾಡಿದವರೇ ಲೂಪೆ ಒಂಟಿವೆರೋಸ್. ಇಷ್ಟು ವರ್ಷ ಮನೆಗೆಲಸದವಳಾಗಿ ಟ್ರೇ ಹಿಡಿದು ಬಂದು ಹೋದ ನಟಿಗೆ ಕೊನೆಗೂ ಒಂದು ಪೂರ್ತಿ ಮನುಷ್ಯಳ ಪಾತ್ರ ಸಿಕ್ಕಿತ್ತು. ಕಾಡುವ ತಾಯಿ, ಆದರೆ ರಾಕ್ಷಸಿಯಲ್ಲ. ಮುಟ್ಟು ನಿಂತದ್ದನ್ನು ಬಸಿರು ಅಂತ ನಂಬಿ ಓಡಾಡುವ ಆ ಭಾಗದಲ್ಲಿ ನಗುವೂ ಬರುತ್ತದೆ, ಅಯ್ಯೋ ಅಂತಲೂ ಅನಿಸುತ್ತದೆ. ಸನ್‌ಡಾನ್ಸ್‌ನಲ್ಲಿ ಸಿನಿಮಾಕ್ಕೆ ಪ್ರೇಕ್ಷಕರ ಪ್ರಶಸ್ತಿ ಬಂತು, ತಾಯಿ ಮಗಳು ಇಬ್ಬರಿಗೂ ಒಟ್ಟಿಗೆ ನಟನೆಗೆ ವಿಶೇಷ ಪ್ರಶಸ್ತಿ ಬಂತು. 2019ರಲ್ಲಿ, ಕಾಪಿಡಬೇಕಾದ ಸಿನಿಮಾಗಳು ಅಂತ ಆರಿಸುವ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿ ಪಟ್ಟಿಗೂ ಸೇರಿತು. ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ನಿರ್ದೇಶಕಿಯೊಬ್ಬರ ಸಿನಿಮಾ ಆ ಪಟ್ಟಿಗೆ ಸೇರಿದ್ದು ಅದೇ ಮೊದಲು.

ರೊಡ್ರಿಗೆಜ್: 'ಫಿಲ್ಲಿ ಬ್ರೌನ್'

2012ರ ಸನ್‌ಡಾನ್ಸ್‌ಗೆ ಬಂದ ಸಿನಿಮಾ. ಲಾಸ್ ಏಂಜಲೀಸ್‌ನ ಹುಡುಗಿ ಮಾಹೋ ರ‍್ಯಾಪ್ ಹಾಡಿ ಮೇಲೆ ಬರುವ ಕತೆ. ತಾಯಿ ಜೈಲಿನಲ್ಲಿದ್ದಾಳೆ. ಆ ತಾಯಿಯಾಗಿ ನಟಿಸಿದವರು ಮೆಕ್ಸಿಕನ್ ಅಮೆರಿಕನ್ ಸಂಗೀತಲೋಕದ ದೊಡ್ಡ ತಾರೆ ಜೆನ್ನಿ ರಿವೆರಾ. ಸಿನಿಮಾ ಚಿತ್ರಮಂದಿರಕ್ಕೆ ಬರುವ ಮೊದಲೇ, 2012ರ ಡಿಸೆಂಬರಿನಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ನೋಡಿದವರಿಗೆ ತಾಯಿ ಮಗಳ ದೃಶ್ಯಗಳು ಬೇರೆಯದೇ ಭಾರದಲ್ಲಿ ಕಂಡವು.

ಮುಚ್ಚುಮರೆ ಇಲ್ಲದೆ ಹೇಳಬೇಕೆಂದರೆ ಸಿನಿಮಾ ಸಾಧಾರಣ. ಕತೆ ಎತ್ತ ಹೋಗುತ್ತದೆ ಅಂತ ಅರ್ಧಗಂಟೆಯಲ್ಲಿ ಗೊತ್ತಾಗುತ್ತದೆ. ರೊಡ್ರಿಗೆಜ್ ಮಾತ್ರ ಇಡೀ ಸಿನಿಮಾವನ್ನು ಹೆಗಲ ಮೇಲೆ ಹೊತ್ತು ನಡೆಸುತ್ತಾರೆ. ಇದಾದ ಮೇಲೆ ಅವರಿಗೆ ಮನೆಗೆಲಸದವರ ಬಗ್ಗೆಯೇ ಇದ್ದ 'ಡೀವಿಯಸ್ ಮೇಡ್ಸ್' ಅನ್ನುವ ಧಾರಾವಾಹಿಯ ಅವಕಾಶ ಬಂತು, ಅವರು ಬೇಡ ಎಂದರು. ಆಗ ಕೈಯಲ್ಲಿ ಬೇರೆ ದೊಡ್ಡ ಕೆಲಸವೇನೂ ಇರಲಿಲ್ಲ. ಒಂಟಿವೆರೋಸ್ ಅವರ ಆ 150ರ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆ ನಿರಾಕರಣೆಯ ತೂಕ ತಿಳಿಯುತ್ತದೆ.

ಡಿಯಾಜ್: ಒಂದಲ್ಲ, ಎರಡು

ಸಿನಿಮಾದ ಗುಣಮಟ್ಟವೊಂದನ್ನೇ ನೋಡಿದರೆ ಮೂವರಲ್ಲಿ ಡಿಯಾಜ್ ಅವರ ಪಟ್ಟಿಯೇ ಮುಂದೆ. 2002ರ 'ರೇಸಿಂಗ್ ವಿಕ್ಟರ್ ವಾರ್ಗಸ್' ಅವರು ಹುಟ್ಟಿ ಬೆಳೆದ ಲೋವರ್ ಈಸ್ಟ್ ಸೈಡ್‌ನಲ್ಲೇ ನಡೆಯುವ ಕತೆ. ಅಲ್ಲಿನ ಹುಡುಗ ಹುಡುಗಿಯರನ್ನೇ ಹಾಕಿಕೊಂಡು, ಮಾತನ್ನು ಹೆಚ್ಚಾಗಿ ಅವರವರೇ ಹುಟ್ಟಿಸಿಕೊಳ್ಳುವಂತೆ ಮಾಡಿದ ಸಿನಿಮಾ. ಡಿಯಾಜ್ ಅವರ ಪಾತ್ರದ ಹೆಸರೂ ಮೆಲನಿಯೇ. 2008ರ ಸನ್‌ಡಾನ್ಸ್‌ನಲ್ಲಂತೂ ಅವರು ನಟಿಸಿದ ನಾಲ್ಕು ಸಿನಿಮಾ ಒಟ್ಟಿಗೇ ಇದ್ದವು. ಅಷ್ಟಾದರೂ ಹೊರಗಿನ ಪ್ರೇಕ್ಷಕರಿಗೆ ಅವರ ಹೆಸರು ಗೊತ್ತಿರಲಿಲ್ಲ. ಸ್ವತಂತ್ರ ಸಿನಿಮಾದ ಹಣೆಬರಹವೇ ಅಷ್ಟು: ಮೆಚ್ಚುಗೆ ಧಾರಾಳ, ಬಾಡಿಗೆ ಕಟ್ಟುವುದಕ್ಕೆ ಮತ್ತೆ ಆಡಿಷನ್ ಸಾಲು.

ನೀವು ನೋಡಬೇಕಾದದ್ದು 'ಫ್ರೂಟ್‌ವೇಲ್ ಸ್ಟೇಷನ್', 2013. ರಯಾನ್ ಕೂಗ್ಲರ್ ಅವರ ಮೊದಲ ಸಿನಿಮಾ, ವೆಚ್ಚ ಹತ್ತು ಲಕ್ಷ ಡಾಲರಿಗೂ ಕಡಿಮೆ. 2009ರ ಹೊಸವರ್ಷದ ಬೆಳಗಿನ ಜಾವ ಓಕ್ಲೆಂಡ್‌ನ ರೈಲು ನಿಲ್ದಾಣದಲ್ಲಿ ಆಸ್ಕರ್ ಗ್ರಾಂಟ್ ಎಂಬ ಯುವಕ ಪೊಲೀಸರ ಗುಂಡಿಗೆ ಬಲಿಯಾದ ನಿಜ ಘಟನೆ. ಆ ಯುವಕನಾಗಿ ಮೈಕೆಲ್ ಬಿ. ಜೋರ್ಡನ್, ಅವನ ಮಗುವಿನ ತಾಯಿ ಸೋಫಿನಾ ಆಗಿ ಡಿಯಾಜ್. ಎಲ್ಲರ ಕಣ್ಣೂ ಜೋರ್ಡನ್ ಮೇಲೆ, ಅದು ಸಹಜ. ಎರಡನೇ ಸಲ ನೋಡುವಾಗ ಸೋಫಿನಾಳನ್ನು ಗಮನಿಸಿ. ಗಂಡಸಿನ ಸುಳ್ಳು ಗೊತ್ತಿದ್ದೂ ಅವನ ಜೊತೆ ಸಂಸಾರ ಮಾಡುವವಳ ಕೋಪ ಹೇಗಿರುತ್ತದೆ ಅಂತ ಅವರು ಜಾಸ್ತಿ ಮಾತಿಲ್ಲದೆ ತೋರಿಸುತ್ತಾರೆ. ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿಗೆ ನಾಮನಿರ್ದೇಶನವೂ ಸಿಕ್ಕಿತು. ಆದರೆ ಇದು ಡಿಯಾಜ್ ಅವರ ಸಿನಿಮಾ ಅಲ್ಲ, ಅವರು ಇರುವ ಸಿನಿಮಾ. ಅವರ ಇಡೀ ವೃತ್ತಿಯ ತೊಡಕು ಇದೇ: ಒಳ್ಳೆಯ ಚಿತ್ರಗಳಲ್ಲಿ ಪಕ್ಕದ ಪಾತ್ರ. ಒಬ್ಬ ನಟಿಯನ್ನು ಪೂರ್ತಿ ನೋಡಬೇಕು ಅಂದರೆ ಫೆರೆರಾ. ಒಳ್ಳೆಯ ಸಿನಿಮಾ ನೋಡಬೇಕು ಅಂದರೆ ಡಿಯಾಜ್.

ಸೀರಿಯಲ್‌ಗೆ ಬಂದರೆ ಲೆಕ್ಕ ಉಲ್ಟಾ

ಟಿವಿಯಲ್ಲಿ ಮೂವರ ಹಿಂದೆಯೂ ಒಂದೇ ಬಳ್ಳಿ ಹಬ್ಬಿದೆ. 'ಅಗ್ಲಿ ಬೆಟ್ಟಿ'ಯ ಮೂಲ ಕೊಲಂಬಿಯಾದಲ್ಲಿ 1999ರಿಂದ 2001ರವರೆಗೆ ಬಂದ ಟೆಲಿನೊವೆಲಾ. ರೊಡ್ರಿಗೆಜ್ ಅವರ 'ಜೇನ್ ದ ವರ್ಜಿನ್'ನ ಮೂಲ 2002ರ ವೆನೆಜುವೆಲಾದ ಟೆಲಿನೊವೆಲಾ. ಎರಡನ್ನೂ ಅಮೆರಿಕಕ್ಕೆ ತಂದವರಲ್ಲಿ ನಿರ್ಮಾಪಕ ಬೆನ್ ಸಿಲ್ವರ್‌ಮನ್ ಒಬ್ಬರು. 'ಜೇನ್' ಕಟ್ಟಿದ ಜೆನ್ನಿ ಸ್ನೈಡರ್ ಅರ್ಮನ್ ಅವರೇ ಮುಂದೆ ಡಿಯಾಜ್ ಇರುವ ಹೊಸ 'ಚಾರ್ಮ್ಡ್'ನ ಹಿಂದೆಯೂ ಇದ್ದರು. ಟೆಲಿನೊವೆಲಾ ಅಂದರೆ ನಮ್ಮ ಸಂಜೆ ಧಾರಾವಾಹಿಯ ಹಾಗೆಯೇ ವಾರದಲ್ಲಿ ಐದು ದಿನ ಬರುವಂಥದ್ದು, ಮುಗಿದುಹೋಗುತ್ತದೆ ಅನ್ನುವುದೊಂದೇ ವ್ಯತ್ಯಾಸ!

ಬೆಟ್ಟಿಯ ಕತೆ ನಮ್ಮಲ್ಲಿ ಹಲವರಿಗೆ ಅಮೆರಿಕನ್ನರಿಗಿಂತ ಮೊದಲೇ ಗೊತ್ತಿತ್ತು. 2003ರಿಂದ 2006ರವರೆಗೆ ಸೋನಿಯಲ್ಲಿ ಬಂದ 'ಜಸ್ಸಿ ಜೈಸಿ ಕೋಯಿ ನಹೀ' ಅದೇ ಮೂಲದ್ದು. ಮೋನಾ ಸಿಂಗ್ ಅವರ ದಪ್ಪ ಕನ್ನಡಕ, ಹಲ್ಲಿನ ಕ್ಲಿಪ್ಪು ನೆನಪಿರಬಹುದು. 2006ರ ಸೆಪ್ಟೆಂಬರಿನಲ್ಲಿ ಫೆರೆರಾ ಅದೇ ಕ್ಲಿಪ್ಪು ಹಾಕಿಕೊಂಡು ಬಂದರು. ಫ್ಯಾಷನ್ ಪತ್ರಿಕೆಯ ಕಚೇರಿಗೆ ಕೆಲಸದ ಮೊದಲ ದಿನವೇ 'ಗ್ವಾಡಲಹಾರ' ಅಂತ ಮೆಕ್ಸಿಕೋದ ಊರಿನ ಹೆಸರು ದೊಡ್ಡದಾಗಿ ಬರೆದ ಕೆಂಪು ಪಾಂಚೋ (ತಲೆಯಿಂದ ತೂರಿಸಿ ಹಾಕುವ ಮೇಲ್ಹೊದಿಕೆ) ಹಾಕಿಕೊಂಡು ಹೋಗುವ ಬೆಟ್ಟಿಯನ್ನು ನೋಡಿ ನಗದಿರುವುದು ಕಷ್ಟ. ಗೋಲ್ಡನ್ ಗ್ಲೋಬ್ ಬಂತು, 2007ರಲ್ಲಿ ಟಿವಿಯ ದೊಡ್ಡ ಪ್ರಶಸ್ತಿ ಎಮ್ಮಿ ಬಂತು. ಹಾಸ್ಯ ಧಾರಾವಾಹಿಯ ಮುಖ್ಯ ನಟಿಗೆ ಕೊಡುವ ಎಮ್ಮಿ ಲ್ಯಾಟಿನಾ ಒಬ್ಬರಿಗೆ ಸಿಕ್ಕಿದ್ದು ಅದೇ ಮೊದಲು. ಮೊದಲ ಸೀಸನ್ ಖಂಡಿತ ನೋಡಿ. ಕ್ವೀನ್ಸ್‌ನ ಆ ಮನೆ, ಅಡುಗೆ ಮಾಡುವ ಅಪ್ಪ, ಫ್ಯಾಷನ್ ಹುಚ್ಚಿನ ಅಕ್ಕನ ಮಗ, ಇವೆಲ್ಲ ಇವತ್ತಿಗೂ ತಾಜಾ. ಕಚೇರಿಯ ಒಳಸಂಚು, ಕೊಲೆ, ಗುಟ್ಟು ಜಾಸ್ತಿಯಾಗುತ್ತ ಹೋದಂತೆ ಎಳೆದಾಟ ಶುರು. ಅಲ್ಲಿ ನಿಲ್ಲಿಸಿದರೆ ತಪ್ಪೇನಿಲ್ಲ.

ನನಗೆ ಕೇಳಿದರೆ ಫೆರೆರಾ ಅವರ ಟಿವಿ ಕೆಲಸದಲ್ಲಿ ಮೇಲು 'ಸೂಪರ್‌ಸ್ಟೋರ್'. 2015ರ ನವೆಂಬರಿನಿಂದ 2021ರ ಮಾರ್ಚ್‌ವರೆಗೆ, ಆರು ಸೀಸನ್. ಸೇಂಟ್ ಲೂಯಿಸ್‌ನ ಒಂದು ದೊಡ್ಡ ಅಂಗಡಿ, ಅಲ್ಲಿ ಮೇಲ್ವಿಚಾರಕಿಯಾಗಿ ಸವೆದುಹೋಗಿರುವ ಏಮಿ. ಅವಳ ಎದೆ ಮೇಲಿನ ಹೆಸರಿನ ಪಟ್ಟಿ ನೋಡುತ್ತಿರಿ, ಕಂತಿನಿಂದ ಕಂತಿಗೆ ಹೆಸರು ಬೇರೆಯಾಗಿರುತ್ತದೆ. ಗುರುತು ಪರಿಚಯ ಇಲ್ಲದವರು ತನ್ನ ಹೆಸರು ಹಿಡಿದು ಸಲಿಗೆಯಿಂದ ಕರೆಯುವುದು ಅವಳಿಗೆ ಇಷ್ಟವಿಲ್ಲ. ಯಾರೂ ಒತ್ತಿ ಹೇಳುವುದಿಲ್ಲ, ಕಂಡವರಿಗೆ ಕಂಡಿತು. ಲ್ಯಾಟಿನಾ ಅಂತ ಮ್ಯಾನೇಜರ್ ಅವಳ ಕೈಗೆ ಗಿರಾಕಿಗಳಿಗೆ ಸಾಲ್ಸಾ (ಮೆಕ್ಸಿಕನ್ ಟೊಮೆಟೊ ಚಟ್ನಿ) ರುಚಿಗೆ ಹಂಚುವ ಕೆಲಸ ಕೊಡಲು ಬಂದಾಗ ಒಲ್ಲೆ ಅನ್ನುತ್ತಾಳೆ. ಹಾಸ್ಯ ಇದ್ದೇ ಇದೆ, ಅದರ ಕೆಳಗೆ ಸಂಬಳ, ಹೆರಿಗೆ ರಜೆ, ಯೂನಿಯನ್, ವಲಸೆ ಕಾಗದಪತ್ರ, ಎಲ್ಲ ಇವೆ. ಮುಂದೊಂದು ಸೀಸನ್ನಿನಲ್ಲಿ ಏಮಿ ಹೆತ್ತ ಎರಡೇ ದಿನಕ್ಕೆ ಕೆಲಸಕ್ಕೆ ಬರುತ್ತಾಳೆ, ಯಾಕೆಂದರೆ ಸಂಬಳ ಸಹಿತ ರಜೆ ಇಲ್ಲ. ಇಲ್ಲಿ ಫೆರೆರಾ ನಿರ್ಮಾಪಕಿಯೂ ಹೌದು, ಕೆಲವು ಕಂತುಗಳ ನಿರ್ದೇಶಕಿಯೂ ಹೌದು. ಹೊಲಿಗೆ ಘಟಕದ ಆನಾ ಕೊಲಂಬಿಯಾಕ್ಕೆ ಹೋಗದೇ ಉಳಿದಿದ್ದರೆ ಇಲ್ಲಿಗೇ ಬರುತ್ತಿದ್ದಳೇನೋ.

'ಜೇನ್ ದ ವರ್ಜಿನ್' ಮಾತ್ರ ಈ ಎಲ್ಲವನ್ನೂ ಮೀರಿಸಿದ್ದು. 2014ರಿಂದ 2019, ಸರಿಯಾಗಿ ನೂರು ಕಂತು. ಮಯಾಮಿಯ ಜೇನ್‌ಗೆ ಆಸ್ಪತ್ರೆಯಲ್ಲಿ ತಪ್ಪಾಗಿ ಕೃತಕ ಗರ್ಭಧಾರಣೆ ಆಗಿಬಿಡುತ್ತದೆ. ಅಸಂಬದ್ಧ ಅನ್ನಿಸಿತೇ? ಅದು ಬೇಕಂತಲೇ. ಅವಳಿ ಸೋದರರು, ಸತ್ತವರು ಎದ್ದುಬರುವುದು, ಮುಖವಾಡದ ಖಳರು, ಧಾರಾವಾಹಿಯ ಅಷ್ಟೂ ಚಾಳಿಗಳನ್ನು ಇದು ಗೇಲಿ ಮಾಡುತ್ತಲೇ ಪ್ರೀತಿಯಿಂದ ಬಳಸಿಕೊಳ್ಳುತ್ತದೆ. ರಾತ್ರಿ ಏಳರಿಂದ ಹತ್ತರವರೆಗೆ ಕನ್ನಡ ಸೀರಿಯಲ್ ಹಾಕಿದ ಮನೆಯಲ್ಲಿ ಬೆಳೆದವರಿಗೆ ಇದರ ತಮಾಷೆ ಅಮೆರಿಕನ್ನರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ. ಅಜ್ಜಿ ಆಲ್ಬಾ ಮಾತಾಡುವುದೆಲ್ಲ ಸ್ಪ್ಯಾನಿಷ್, ಮಗಳು ಮೊಮ್ಮಗಳು ಉತ್ತರ ಕೊಡುವುದು ಇಂಗ್ಲಿಷಿನಲ್ಲಿ. ನ್ಯೂಜೆರ್ಸಿ, ಡಲ್ಲಾಸ್ ಕಡೆಯ ಕನ್ನಡದ ಮನೆಗಳ ಊಟದ ಮೇಜಿನಲ್ಲೂ ಇದೇ ಕೇಳಿಸುತ್ತದೆ. ಮೊದಲ ಕಂತು ಶುರುವಾಗುವುದೇ ಅಜ್ಜಿ ಪುಟ್ಟ ಜೇನ್‌ಳ ಕೈಗೆ ಬಿಳಿ ಹೂವು ಕೊಟ್ಟು ಹಿಸುಕು ಅನ್ನುವುದರಿಂದ: ಈಗ ಅದನ್ನು ಮೊದಲಿನ ಹಾಗೆ ಮಾಡು ನೋಡೋಣ. ಶೀಲದ ಪಾಠ. ನೂರು ಕಂತುಗಳುದ್ದಕ್ಕೂ ಆ ಪಾಠದ ಜೊತೆ ಜೇನ್ ಜಗಳವಾಡುತ್ತಾಳೆ, ಅಜ್ಜಿಯನ್ನು ಬಿಟ್ಟುಕೊಡದೆಯೇ.

ರೊಡ್ರಿಗೆಜ್ ಅವರಿಗೆ 2015ರ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಸಿಕ್ಕಿತು, 'ಜೇನ್' ಬರುತ್ತಿದ್ದ ಸಿಡಬ್ಲ್ಯೂ ವಾಹಿನಿಗೆ ಅದು ಮೊಟ್ಟಮೊದಲನೆಯದು. 2018ರಲ್ಲಿ ಎಮ್ಮಿ ಪ್ರಚಾರಕ್ಕೆಂದು ಇಟ್ಟಿದ್ದ ಹಣವನ್ನು ಕಾಗದಪತ್ರ ಇಲ್ಲದ ವಲಸೆ ಕುಟುಂಬದ ವಿದ್ಯಾರ್ಥಿನಿಯೊಬ್ಬಳ ಕಾಲೇಜಿಗೆ ಕೊಡಿಸಿದರು. ಪುಟ್ಟ ಜೇನ್ ಆಗಿ ನಡುನಡುವೆ ಬರುವ ಹುಡುಗಿಯನ್ನೂ ಗಮನಿಸಿ, ಆಕೆ ಜೆನ್ನಾ ಒರ್ಟೆಗಾ. 2022ರ 'ವೆನ್ಸ್‌ಡೇ'ಗಿಂತ ಬಹಳ ಮೊದಲು.

'ಚಾರ್ಮ್ಡ್' ಬಗ್ಗೆ ಹೆಚ್ಚು ಹೇಳುವುದಿಲ್ಲ. 2018ರಿಂದ 2022, ನಾಲ್ಕು ಸೀಸನ್, ಮಾಟಗಾತಿ ಅಕ್ಕತಂಗಿಯರು. ಡಿಯಾಜ್ ಚೆನ್ನಾಗಿಯೇ ಮಾಡಿದ್ದಾರೆ, ಸ್ಥಿರವಾದ ಕೆಲಸವೂ ಸಿಕ್ಕಿತು. ಮಾಟ ಮಂತ್ರದ ಕತೆ ನಿಮಗೆ ಇಷ್ಟವಿಲ್ಲದಿದ್ದರೆ ಬಿಟ್ಟುಬಿಡಿ.

ನಿಮ್ಮ ಹತ್ತಿರ ಎಷ್ಟು ಹೊತ್ತಿದೆ, ಯಾರ ಜೊತೆ ನೋಡುತ್ತೀರಿ

ಒಂದು ಸಂಜೆ ಮಾತ್ರ ಇದ್ದರೆ 'ರಿಯಲ್ ವಿಮೆನ್', ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ವಾರಾಂತ್ಯ ಪೂರ್ತಿ ಇದ್ದರೆ ಅದರ ಜೊತೆಗೆ 'ಫ್ರೂಟ್‌ವೇಲ್', ಆದರೆ ಎರಡನ್ನೂ ಒಂದೇ ರಾತ್ರಿ ನೋಡಬೇಡಿ. ಎರಡನೆಯದಾದ ಮೇಲೆ ಬೇರೇನೂ ನೋಡುವ ಮನಸ್ಸಾಗುವುದಿಲ್ಲ. ಕೆಲಸ ಮುಗಿಸಿ ಬಂದು ಊಟದ ಜೊತೆ ಇಪ್ಪತ್ತು ನಿಮಿಷ ಬೇಕು ಅನ್ನುವವರಿಗೆ 'ಸೂಪರ್‌ಸ್ಟೋರ್' ಹೇಳಿ ಮಾಡಿಸಿದ್ದು. ಮೊದಲ ಸೀಸನ್ 11 ಕಂತು ಅಷ್ಟೇ. ಅದರ ಕೊನೆಯ ಕಂತಿನಲ್ಲಿ ಕೆಲಸಗಾರರೆಲ್ಲ ಅಂಗಡಿ ಬಿಟ್ಟು ಹೊರನಡೆಯುವವರೆಗೆ ನೋಡಿ ಆಮೇಲೆ ಮುಂದಿನದ್ದು ಬೇಕೋ ಬೇಡವೋ ತೀರ್ಮಾನಿಸಿ. ಮಳೆಗಾಲವಿಡೀ ಒಂದೇ ಕತೆಯೊಳಗೆ ಇರಬೇಕು ಅನ್ನುವ ಆಸೆ ಇದ್ದರೆ 'ಜೇನ್'.

ಹಾಗೆಯೇ ಫೆರೆರಾ ನಿರ್ಮಾಪಕಿಯರಲ್ಲಿ ಒಬ್ಬರಾಗಿದ್ದ 'ಜೆಂಟಿಫೈಡ್' ನೆಟ್‌ಫ್ಲಿಕ್ಸ್‌ನದ್ದು, ಎರಡೇ ಸೀಸನ್. ಮತ್ತದೇ ಬಾಯ್ಲ್ ಹೈಟ್ಸ್, ಹದಿನೆಂಟು ವರ್ಷ ಆದ ಮೇಲೆ. ಬಾಡಿಗೆ ಏರಿ, ಹಳೆಯ ಟಾಕೊ ಅಂಗಡಿ ಮುಚ್ಚುವ ಸ್ಥಿತಿಗೆ ಬಂದಿದೆ. 'ರಿಯಲ್ ವಿಮೆನ್' ಇಷ್ಟವಾದವರು ಅದಾದ ತಕ್ಷಣ ಇದನ್ನು ಹಾಕಿಕೊಳ್ಳಬಹುದು.

ಅಮ್ಮ ಅಥವಾ ಅತ್ತೆಯ ಜೊತೆ ಕೂತು ನೋಡುವುದಾದರೆ 'ಜೇನ್' ಸರಿ, ಹೆಸರು ಕೇಳಿ ಹೆದರಬೇಡಿ. ಪ್ರಣಯದ ದೃಶ್ಯಗಳಿವೆ, ಆದರೆ ಅಜ್ಜಿ ಆಲ್ಬಾ ಎಲ್ಲರನ್ನೂ ಸಂಭಾಳಿಸುತ್ತಾರೆ. ಹದಿನಾರು ಹದಿನೇಳರ ಮಗಳಿದ್ದರೆ ಅವಳ ಜೊತೆ 'ರಿಯಲ್ ವಿಮೆನ್' ನೋಡಿ, ಮುಗಿದ ಮೇಲೆ ಅವಳು ನಿಮ್ಮೊಡನೆ ವಾದಕ್ಕಿಳಿದರೆ ತಯಾರಿರಿ. 'ಫಿಲ್ಲಿ ಬ್ರೌನ್', 'ಫ್ರೂಟ್‌ವೇಲ್' ಎರಡರಲ್ಲೂ ಬೈಗುಳ ಧಾರಾಳ, ಚಿಕ್ಕ ಮಕ್ಕಳು ಮಲಗಿದ ಮೇಲೆ ಹಾಕಿ. ಸಬ್‌ಟೈಟಲ್ ಮಾತ್ರ ಎಲ್ಲದಕ್ಕೂ ಆನ್ ಇರಲಿ, ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಒಂದೇ ವಾಕ್ಯದಲ್ಲಿ ಬೆರೆತು ಬರುತ್ತವೆ, ಅಮ್ಮಂದಿರ ಒಳ್ಳೊಳ್ಳೆಯ ಬೈಗುಳವೆಲ್ಲ ಸ್ಪ್ಯಾನಿಷಿನಲ್ಲೇ ಇವೆ.